ಚೀಸ್ ಜೊತೆ ಬರೀ ಕಿತ್ತಳೆ ಜ್ಯೂಸ್ ಸಾಕಾ?

ಇವತ್ತಿನ ಸಂಚಿಕೆಯಲ್ಲಿ ಅತಿಥಿಗಳಿಲ್ಲ, ಸಂದರ್ಶನವೂ ಇಲ್ಲ. ಒಂದು ಅಭಿಪ್ರಾಯ ಹೇಳೋದಿದೆ, ಅದಕ್ಕೆ ಬೇಕಾದಷ್ಟು ವಿಜ್ಞಾನವನ್ನೂ ಜೊತೆಗೆ ತಂದಿದ್ದೀನಿ. ಒಪ್ಪಲೇಬೇಕು ಅಂತೇನಿಲ್ಲ. ಕೇಳಿ, ಆಮೇಲೆ ಜಗಳ ಆಡೋಣ.

ಯುರೋಪಿನಲ್ಲಿ ಪ್ರವಾಸಿಗರಿಗೆ ಅಂತ ಚೀಸ್ ಟೇಸ್ಟಿಂಗ್ ನಡೆಸ್ತಾರಲ್ಲ, ಅದು ಬಹಳ ಜನಕ್ಕೆ ಗೊತ್ತಿರುತ್ತೆ. ಒಬ್ಬರು ಮಾರ್ಗದರ್ಶಿ, ಒಂದು ಮರದ ಹಲಗೆ, ಐದಾರು ಬಗೆಯ ಚೀಸ್, ಒಂದೊಂದಕ್ಕೂ ಜೋಡಿಯಾಗಿ ಒಂದೊಂದು ಪಾನೀಯ. ಆ ಪಾನೀಯ ಸಾಮಾನ್ಯವಾಗಿ ವೈನು, ಕೆಲವು ಕಡೆ ಬಿಯರು. ಕುಡಿಯದವರಿಗೆ ನೀರು ಅಥವಾ ಜ್ಯೂಸು. ನನ್ನ ತಕರಾರು ಈ ಕೊನೇ ಸಾಲಿನ ಬಗ್ಗೆ. ಕುಡಿಯದವರಿಗೂ ಚೀಸಿಗೆ ಒಪ್ಪುವ, ಯೋಚಿಸಿ ಆರಿಸಿದ ಜೋಡಿ ಸಿಗಬೇಕು. ಇದನ್ನ ಯಾರೂ ಉಪಕಾರ ಅಂತ ಮಾಡಬೇಕಾಗಿಲ್ಲ. ಚೀಸಿಗೂ ಪಾನೀಯಕ್ಕೂ ಬಾಯೊಳಗೆ ನಡೆಯುವ ವ್ಯವಹಾರದಲ್ಲಿ ಆಲ್ಕೋಹಾಲಿನ ಪಾಲು ನಾವು ಅಂದುಕೊಂಡಿರೋದಕ್ಕಿಂತ ತುಂಬಾ ಕಡಿಮೆ. ನನ್ನ ವಾದಕ್ಕೆ ಅದೇ ಆಧಾರ.

ಹೋದ ವರ್ಷ ಬೇಸಿಗೆಯಲ್ಲಿ ನಾವು ಆರು ಜನ ಜರ್ಮನಿಯಿಂದ ಸ್ವಿಟ್ಜರ್‌ಲೆಂಡಿನ ಗ್ರುಯೇರ್ ಸೀಮೆಗೆ ಹೋಗಿದ್ವಿ. ಅಲ್ಲೊಂದು ಟೇಸ್ಟಿಂಗ್. ನಮ್ಮಲ್ಲಿ ಮೂವರು ಕುಡಿಯೋರಲ್ಲ: ಒಬ್ಬರು ಕಾರು ಓಡಿಸಬೇಕಿತ್ತು, ಒಬ್ಬರು ಗರ್ಭಿಣಿ, ಇನ್ನೊಬ್ಬರು ಊರಿಂದ ಬಂದಿದ್ದ ನಮ್ಮಮ್ಮ. ಉಳಿದ ಮೂವರಿಗೆ ಐದು ಚೀಸಿಗೆ ಐದು ವೈನು, ಪ್ರತಿಯೊಂದಕ್ಕೂ ಎರಡು ನಿಮಿಷದ ವಿವರಣೆ. ಈ ಮೂವರಿಗೆ ಐದೂ ಚೀಸಿಗೆ ಅದೇ ಒಂದು ಲೋಟ ಕಿತ್ತಳೆ ಜ್ಯೂಸು, ವಿವರಣೆ ಸೊನ್ನೆ. ದುಡ್ಡು ಮಾತ್ರ ಎಲ್ಲರದ್ದೂ ಒಂದೇ. ಎರಡನೇ ಚೀಸ್ ಆಗೋ ಹೊತ್ತಿಗೆ ಅಮ್ಮ, "ಹಾಲು ಹಾಕದೇ ಇರೋ ಬಿಸಿ ಟೀ ಸಿಗುತ್ತಾ ಕೇಳೋ" ಅಂದ್ರು. ಟೀ ಬಂತು. ಒಂದು ತುಂಡು ಹಳೇ ಚೀಸು, ಒಂದು ಗುಟುಕು ಟೀ. "ಬಾಯಿಗೆ ಅಂಟಿದ ಜಿಡ್ಡೆಲ್ಲ ಹೋಯ್ತು, ಟೀಯ ಒಗರೂ ಹೋಯ್ತು" ಅಂದ್ರು. ಅದನ್ನ ನಾನು ಮಾರ್ಗದರ್ಶಿಗೆ ಅನುವಾದ ಮಾಡಿ ಹೇಳಿದೆ. ಆಕೆ ತನಗೂ ಒಂದು ಲೋಟ ಟೀ ತಂದುಕೊಂಡರು.

ಅಮ್ಮ ಹೇಳಿದ ಆ ಒಂದು ವಾಕ್ಯದಲ್ಲೇ ಅರ್ಧ ವಿಜ್ಞಾನ ಇದೆ. ಒಗರು ಅಂದ್ರೆ ಏನು? ಕಾಯಿಬಾಳೆ, ನೆಲ್ಲಿಕಾಯಿ, ನೇರಳೆ ಹಣ್ಣು, ಎಳೇ ಅಡಿಕೆ ತಿಂದಾಗ ಬಾಯಿ ಒಣಗಿ, ನಾಲಿಗೆ ಒರಟಾದ ಹಾಗೆ ಅನ್ನಿಸುತ್ತಲ್ಲ, ಅದು. ನಮ್ಮವರು ಅದನ್ನ ಷಡ್ರಸಗಳಲ್ಲಿ ಒಂದು ಅಂತ ಎಣಿಸಿದ್ರು. ಇವತ್ತಿನ ವಿಜ್ಞಾನ ಅದನ್ನ ರುಚಿ ಅನ್ನೋದಕ್ಕಿಂತ ಹೆಚ್ಚಾಗಿ ಸ್ಪರ್ಶ ಅಂತ ನೋಡುತ್ತೆ. ನಮ್ಮ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳಿವೆ, ಅವು ಬಾಯಿಗೆ ಎಣ್ಣೆ ಸವರಿದ ಹಾಗೆ ಜಾರುವಿಕೆ ಕೊಡ್ತವೆ. ಟ್ಯಾನಿನ್ ಮತ್ತು ಅದರ ಬಂಧುಗಳಾದ ಪಾಲಿಫಿನಾಲುಗಳು ಆ ಪ್ರೋಟೀನುಗಳಿಗೆ ಅಂಟಿಕೊಂಡು ಗಂಟು ಕಟ್ಟಿಸ್ತವೆ. ಜಾರುವಿಕೆ ಹೋಗುತ್ತೆ, ಬಾಯಿ ಉಜ್ಜಿದ ಹಾಗೆ ಆಗುತ್ತೆ. ಕೊಬ್ಬು ಇದಕ್ಕೆ ತದ್ವಿರುದ್ಧ, ಜಾರುವಿಕೆಯನ್ನ ಜಾಸ್ತಿ ಮಾಡುತ್ತೆ. ಅಂದ್ರೆ ಒಗರು ಮತ್ತು ಜಿಡ್ಡು ಒಂದೇ ತಕ್ಕಡಿಯ ಎರಡು ತಟ್ಟೆಗಳಿದ್ದ ಹಾಗೆ.

ಇದು ಬರೀ ಊಹೆಯಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದವರು 2012ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. ಜಿಡ್ಡಿನ ಮಾಂಸದ ತುತ್ತುಗಳ ನಡುವೆ ಒಗರಾದ ದ್ರಾವಣ ಗುಟುಕರಿಸಿದವರಿಗೆ, ಬರೀ ನೀರು ಕುಡಿದವರಿಗಿಂತ ಜಿಡ್ಡಿನ ಅನುಭವ ಕಡಿಮೆಯಾಗಿತ್ತು. ಇನ್ನೊಂದು ಮಾತು: ಒಗರು ಗುಟುಕಿನಿಂದ ಗುಟುಕಿಗೆ ಏರ್ತಾ ಹೋಗುತ್ತೆ. ಆ ದ್ರಾವಣಗಳಿಗೆ ಅವರು ಬಳಸಿದ್ದು ಏನು ಗೊತ್ತಾ? ದ್ರಾಕ್ಷಿ ಬೀಜದ ಸಾರ, ಹಸಿರು ಚಹಾದಲ್ಲಿರುವ ಒಂದು ಪಾಲಿಫಿನಾಲ್, ಇಂಥವು. ಆ ಪ್ರಯೋಗಕ್ಕೆ ವೈನೇ ಬೇಕಾಗಿರಲಿಲ್ಲ.

"ಸರಿ, ಆದ್ರೆ ಸ್ವಿಸ್ ಚೀಸ್ ಜೊತೆ ಕೊಡೋದು ಬಿಳಿ ವೈನು, ಅದರಲ್ಲಿ ಟ್ಯಾನಿನ್ ಎಲ್ಲಿದೆ?" ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಬಿಳಿ ವೈನಿನಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಹುಳಿ. ಹುಳಿ ಬಿದ್ದ ಕೂಡಲೇ ಜೊಲ್ಲು ಸುರಿಯುತ್ತೆ, ಬಾಯಿ ತೊಳೆದ ಹಾಗಾಗುತ್ತೆ. ಈ ಹುಳಿ ಸೇಬಿನ ರಸದಲ್ಲೂ ಇದೆ, ಮಜ್ಜಿಗೆಯಲ್ಲೂ ಇದೆ. ಬಿಯರು, ಶಾಂಪೇನುಗಳಲ್ಲಿ ಗುಳ್ಳೆ ಇದೆ. ಅದರ ಚುರುಕು ಬರೋದು ಇಂಗಾಲದ ಡೈಆಕ್ಸೈಡ್ ಬಾಯಲ್ಲಿ ಕಾರ್ಬಾನಿಕ್ ಆಮ್ಲ ಆಗೋದ್ರಿಂದ. ಸೋಡಾದಲ್ಲೂ ಅದೇ ರಸಾಯನಶಾಸ್ತ್ರ.

ಉಳಿದಿದ್ದು ಆಲ್ಕೋಹಾಲ್ ತಾನೇ ಕೊಡುವ ಕಾವು. ಅದು ಇಲ್ಲ ಅಂತ ನಾನು ಹೇಳಲ್ಲ. ಎಥನಾಲ್ ನಮ್ಮ ನರಗಳಲ್ಲಿರುವ ಟಿಆರ್‌ಪಿವಿ1 ಅನ್ನೋ ಗ್ರಾಹಕವನ್ನ ಕೆಣಕುತ್ತೆ, ಗಂಟಲು ಬೆಚ್ಚಗಾಗೋದು ಅದರಿಂದಲೇ. ಮೆಣಸಿನಕಾಯಿಯ ಖಾರವನ್ನ ಹಿಡಿಯೋದೂ ಅದೇ ಗ್ರಾಹಕ, ಶುಂಠಿಯ ಖಾರವನ್ನೂ ಅದೇ ಹಿಡಿಯುತ್ತೆ. ಖಾರದ ವಿಷಯದಲ್ಲಿ ನಮಗೆ ಯಾರಾದ್ರೂ ಪಾಠ ಹೇಳಬೇಕಾ? ಶುಂಠಿ ಹಾಕಿದ ಸೇಬಿನ ರಸದಲ್ಲಿ ಹುಳಿಯೂ ಇದೆ, ಕಾವೂ ಇದೆ. ಇನ್ನು ಆ ಕಿತ್ತಳೆ ಜ್ಯೂಸನ್ನೂ ಪೂರ್ತಿ ತೆಗೆದುಹಾಕಬೇಕಿಲ್ಲ. ಉಪ್ಪುಪ್ಪಾದ ನೀಲಿ ಚೀಸಿನ ಜೊತೆ ಸಿಹಿ ಒಪ್ಪುತ್ತೆ, ಹಾಗಂತಲೇ ಅದಕ್ಕೆ ಸಿಹಿಯಾದ ಪೋರ್ಟ್ ವೈನ್ ಕೊಡ್ತಾರೆ. ಐದಕ್ಕೂ ಅದನ್ನೇ ಕೊಟ್ಟರೆ ಮಾತ್ರ ಅದನ್ನ ಜೋಡಿ ಅನ್ನೋಕಾಗಲ್ಲ, ಬಾಯಿ ಮುಚ್ಚಿಸೋ ಏರ್ಪಾಡು ಅನ್ನಬೇಕು.

ಈಗ ಎದುರು ವಾದಕ್ಕೆ ಬರೋಣ. ವೈನು ಮತ್ತು ಚೀಸು ಹುಟ್ಟಾ ಜೋಡಿ, ಒಂದು ಇನ್ನೊಂದರ ಪರಿಮಳವನ್ನ ಅರಳಿಸುತ್ತೆ, ಅದು ಬೇರೆ ಪಾನೀಯದಿಂದ ಆಗಲ್ಲ ಅಂತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಇದನ್ನ ಪರೀಕ್ಷೆ ಮಾಡಿದ್ದಾರೆ, 2006ರಲ್ಲಿ ಪ್ರಕಟವಾಯ್ತು. ತರಬೇತಿ ಪಡೆದ ಹನ್ನೊಂದು ಜನ, ಎಂಟು ಕೆಂಪು ವೈನು, ಎಂಟು ಚೀಸು. ಚೀಸ್ ತಿಂದ ಮೇಲೆ ವೈನಿನ ಹೆಚ್ಚಿನ ಗುಣಗಳು, ಒಗರು, ಹಣ್ಣಿನ ಪರಿಮಳ, ಓಕ್ ಮರದ ಪರಿಮಳ, ಎಲ್ಲ ಮಂಕಾಗಿದ್ದವು. ಹೆಚ್ಚಾಗಿದ್ದು ಬೆಣ್ಣೆಯಂಥ ವಾಸನೆ ಮಾತ್ರ. ಹಾಗಂತ ಜನಕ್ಕೆ ಆ ಜೋಡಿ ಇಷ್ಟ ಆಗಲ್ಲ ಅಂತಲ್ಲ. ಒಗರು ತಗ್ಗಿದ ವೈನು ಕುಡಿಯೋಕೆ ಹಿತವಾಗಿರಬಹುದು. ಆದ್ರೆ ಆ ಪ್ರಯೋಗದಲ್ಲಿ ಕಂಡಿದ್ದು ಅರಳೋದಲ್ಲ, ತಣಿಯೋದು. ಅಮ್ಮನ ಟೀಗೆ ಆಗಿದ್ದೂ ಅದೇ.

ಇನ್ನೊಂದು ವಿಷಯ, ಸೂಚನೆಯ ಬಲ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗ ಪ್ರಸಿದ್ಧವಾಗಿದೆ. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಜನಕ್ಕೆ ಕೊಟ್ಟರು. ಅವರು ಅದರ ವಾಸನೆಯನ್ನ ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನ ಮೂಗು ನಂಬಿತು. ಟೇಸ್ಟಿಂಗಿನಲ್ಲಿ ಮಾರ್ಗದರ್ಶಿ "ಈಗ ಬಾದಾಮಿಯ ಪರಿಮಳ ಗಮನಿಸಿ" ಅಂದಾಗ ನಮಗೆ ಬಾದಾಮಿ ಸಿಗೋದ್ರಲ್ಲಿ ಅವರ ಮಾತಿನ ಪಾಲೂ ಇದೆ. ಇದು ಮೋಸ ಅಂತ ನಾನು ಹೇಳ್ತಿಲ್ಲ. ಗಮನ ಕೊಡೋದನ್ನ ಕಲಿಸೋದೇ ಅವರ ಕೆಲಸ, ಟಿಕೆಟ್ಟಿನ ದುಡ್ಡಿಗೆ ಸಿಗುವ ನಿಜವಾದ ಸರಕು ಅದೇ. ಹಾಗಾಗಿಯೇ ಜ್ಯೂಸ್ ಲೋಟದವರಿಗೆ ಆ ಎರಡು ನಿಮಿಷದ ಮಾತು ಸಿಗದೇ ಹೋದದ್ದು, ವೈನು ಸಿಗದೇ ಹೋದದ್ದಕ್ಕಿಂತ ದೊಡ್ಡ ನಷ್ಟ.

ಸಂಪ್ರದಾಯದ ವಾದವೂ ಇದೆ: ಒಂದೇ ಕಣಿವೆಯ ಹಸು, ಒಂದೇ ಕಣಿವೆಯ ದ್ರಾಕ್ಷಿ, ನೂರಾರು ವರ್ಷದ ಒಡನಾಟ. ಅದಕ್ಕೆ ನನ್ನ ಗೌರವ ಇದೆ. ಆದ್ರೆ ಸ್ವಿಟ್ಜರ್‌ಲೆಂಡಿನ ಸಂಪ್ರದಾಯದಲ್ಲೇ ಚೀಸ್ ಫಾಂಡೂ ಜೊತೆ ಬಿಳಿ ವೈನು ಅಥವಾ ಬಿಸಿ ಕಪ್ಪು ಚಹಾ, ಎರಡೂ ಇವೆ. ಯಾವುದು ಜೀರ್ಣಕ್ಕೆ ಒಳ್ಳೇದು ಅಂತ ಅಲ್ಲಿನವರು ಊಟದ ಮೇಜಿನಲ್ಲಿ ಜಗಳ ಆಡ್ತಾರೆ. ಆ ಜಗಳವನ್ನ ಜೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು ಪ್ರಯೋಗಕ್ಕೆ ಒಡ್ಡಿದರು, 2010ರ ಡಿಸೆಂಬರಿನಲ್ಲಿ 'ಬಿಎಂಜೆ'ಯಲ್ಲಿ ಬಂತು. ಇಪ್ಪತ್ತು ಜನ ಆರೋಗ್ಯವಂತರು ಫಾಂಡೂ ತಿಂದರು, ಒಂದು ದಿನ ವೈನಿನ ಜೊತೆ, ಇನ್ನೊಂದು ದಿನ ಚಹಾದ ಜೊತೆ. ವೈನು ಕುಡಿದಾಗ ಹೊಟ್ಟೆ ಖಾಲಿಯಾಗೋದು ನಿಧಾನ ಆಯ್ತು. ಊಟ ಆದ ಮೇಲೆ ಜೀರ್ಣಕ್ಕೆ ಅಂತ ಕುಡಿಯುವ ಶ್ನಾಪ್ಸ್ ಕೂಡ ಅದನ್ನ ನಿಧಾನವೇ ಮಾಡಿತು. ಹೊಟ್ಟೆ ಉಬ್ಬರ, ಎದೆಯುರಿ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ವೈನಿನವರು ಹೆದರಬೇಕಾಗಿಲ್ಲ, ಚಹಾದವರು ನಾಚಬೇಕಾಗಿಲ್ಲ.

ಅದೇ ದೇಶದ ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 35 ಕಿಲೋ ತೂಗುವ ಒಂದು ಗ್ರುಯೇರ್ ಚಕ್ರಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ಉಳಿದದ್ದೆಲ್ಲ ಹಾಲೊಡೆದ ನೀರು. ಆ ನೀರಿನಿಂದಲೇ ಸ್ವಿಸ್ ಜನ 1952ರಿಂದ ರಿವೆಲ್ಲಾ ಅನ್ನೋ ತಂಪು ಪಾನೀಯ ಮಾಡ್ತಿದ್ದಾರೆ. ಹುಳಿ ಇದೆ, ಗುಳ್ಳೆ ಇದೆ, ಆಲ್ಕೋಹಾಲ್ ಇಲ್ಲ. ಒಂದೇ ಹಾಲಿನ ಎರಡು ಮಕ್ಕಳು ಒಂದೇ ಹಲಗೆಯ ಮೇಲೆ! ಕಥೆ ಹೇಳೋಕೆ ಇಷ್ಟಪಡುವ ಮಾರ್ಗದರ್ಶಿಗೆ ಇದಕ್ಕಿಂತ ಒಳ್ಳೇ ಜೋಡಿ ಬೇಕಾ?

ಟೇಸ್ಟಿಂಗಿಗೆ ಹೋಗುವ ಕನ್ನಡಿಗರಿಗೆ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆಯೂ ಇರುತ್ತೆ, ಸಸ್ಯಾಹಾರದ್ದು. ಅದನ್ನೂ ಕೇಳೋಕೆ ಸಂಕೋಚ ಬೇಡ. ಹಾಲಿನ ಕೇಸೀನ್ ಕಣಗಳ ಮೈಮೇಲೆ, ಅವು ಒಂದಕ್ಕೊಂದು ಅಂಟದ ಹಾಗೆ ಕಾಪಾಡುವ ಕೂದಲಿನಂಥ ಹೊದಿಕೆ ಇರುತ್ತೆ. ಕೈಮೋಸಿನ್ ಅನ್ನೋ ಕಿಣ್ವ ಆ ಕೂದಲನ್ನ ಕತ್ತರಿಸುತ್ತೆ, ಹಾಲು ಗಟ್ಟಿಯಾಗುತ್ತೆ. ಈ ಕಿಣ್ವದ ಮೂಲ ಎಳೇಗರುವಿನ ನಾಲ್ಕನೇ ಹೊಟ್ಟೆ. ಸಂರಕ್ಷಿತ ಹೆಸರಿನ ಗ್ರುಯೇರ್, ಇಟಲಿಯ ಪಾರ್ಮಿಜಾನೋ ರೆಜಾನೋ ಇವುಗಳ ನಿಯಮದಲ್ಲೇ ಕರುವಿನ ರೆನೆಟ್ ಬೇಕು ಅಂತಿದೆ. ಅದೇ ಕೈಮೋಸಿನ್ನನ್ನ ಸೂಕ್ಷ್ಮಜೀವಿಗಳಿಂದ ತಯಾರಿಸೋಕೆ ಅಮೆರಿಕದಲ್ಲಿ 1990ರಲ್ಲೇ ಒಪ್ಪಿಗೆ ಸಿಕ್ಕಿದೆ, ಬೇರೆ ಸೂಕ್ಷ್ಮಜೀವಿ ಕಿಣ್ವಗಳೂ ಇವೆ, ಆದ್ದರಿಂದ ಸಸ್ಯಾಹಾರಿ ಚೀಸು ಬೇಕಾದಷ್ಟು ಸಿಗುತ್ತೆ. ಆವತ್ತು ಅಮ್ಮ ಕೇಳಿ ತಿಳ್ಕೊಂಡು ಐದರಲ್ಲಿ ಎರಡನ್ನ ಮಾತ್ರ ತಿಂದ್ರು. ಜರ್ಮನ್ ಮಾತಾಡೋ ಕಡೆ ಪೊಟ್ಟಣದ ಮೇಲೆ ಬರೀ 'ಲಾಬ್' ಅಂತಿದ್ರೆ ಸಾಮಾನ್ಯವಾಗಿ ಪ್ರಾಣಿಜನ್ಯ, 'ಮಿಕ್ರೋಬಿಯೆಲ್ಲೆಸ್ ಲಾಬ್' ಅಂತಿದ್ರೆ ಸೂಕ್ಷ್ಮಜೀವಿಗಳಿಂದ ಬಂದದ್ದು. ನಮ್ಮ ಹಸಿರು ಚುಕ್ಕೆಯನ್ನ ಹುಡುಕ್ತಾ ಕೂರಬೇಡಿ.

ಕೊನೆಗೆ, ನಾನು ಕೇಳ್ತಿರೋದು ಏನು? ಮುಂಗಡ ಕಾಯ್ದಿರಿಸುವಾಗ ಎರಡು ಸಾಲು ಬರೆಯಿರಿ: ಆಲ್ಕೋಹಾಲ್ ಇಲ್ಲದ ಜೋಡಿ ಏನಿದೆ, ಯಾವ ಚೀಸಿಗೆ ಯಾವ ರೆನೆಟ್. ವಿದೇಶದಲ್ಲಿರೋ ನಾವು ಇಂಥ ಕಡೆ "ಪರವಾಗಿಲ್ಲ ಬಿಡಿ, ನೀರು ಸಾಕು" ಅಂದುಬಿಡ್ತೀವಿ. ದಾಕ್ಷಿಣ್ಯ. ಆ ದಾಕ್ಷಿಣ್ಯದಿಂದಾಗಿ ನಮ್ಮ ಬಾಯಿಗೇ ನಷ್ಟ, ಮಾರ್ಗದರ್ಶಿಗೂ ಹೊಸದನ್ನ ಕಲಿಯೋ ಅವಕಾಶ ತಪ್ಪುತ್ತೆ. ಕೇಳುವವರು ಹತ್ತು ಜನ ಆದ್ರೆ ಹನ್ನೊಂದನೆಯವರಿಗೆ ಚಹಾ ತಾನಾಗೇ ಬರುತ್ತೆ.

ಅಲ್ಲೀವರೆಗೆ ಮನೆಯಲ್ಲೇ ಒಂದು ಪ್ರಯೋಗ. ಅಂಗಡಿಯಲ್ಲಿ ಸಿಗೋ ಯಾವುದೇ ಗಟ್ಟಿ ಚೀಸು ತಗೊಳ್ಳಿ, ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗಿಡಿ. ಮೂರು ಲೋಟ: ನೀರು, ಹಾಲು ಸಕ್ಕರೆ ಇಲ್ಲದ ಸ್ಟ್ರಾಂಗ್ ಟೀ, ಶುಂಠಿ ಹಿಂಡಿದ ಸೇಬಿನ ರಸ. ಒಂದು ತುಂಡು, ಒಂದು ಗುಟುಕು, ಹೀಗೆ ಒಂದೊಂದು ಲೋಟಕ್ಕೂ ಮೂರು ಸಲ. ಮೊದಲ ಗುಟುಕಿಗೂ ಮೂರನೆಯದಕ್ಕೂ ಬಾಯಲ್ಲಿ ಏನು ಬದಲಾಯ್ತು, ಕನ್ನಡದಲ್ಲೇ ಬರೆದು ನಮಗೆ ಕಳಿಸಿ. ಒಗರು, ಜಿಡ್ಡು, ಕಮಟು, ಘಮ, ಇಷ್ಟು ಪದ ನಮ್ಮ ಹತ್ತಿರ ಆಗಲೇ ಇವೆ. ಉಳಿದವನ್ನ ಸೇರಿ ಹುಡುಕೋಣ. ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ, ನಮಸ್ಕಾರ.