ದಾರಿ ಅಂದ್ರೆ ಸೀನರಿ ಅಲ್ಲ ಸ್ವಾಮಿ

'ಸೀನಿಕ್ ರೂಟ್' ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಮಳೆಗಾಲ ಮುಗೀತು ಅಂದ್ರೆ ಸಾಕು, ಬೆಂಗಳೂರಿನ ಯಾವ ಆಫೀಸಿನ ರನ್ನಿಂಗ್ ಗ್ರೂಪ್ ನೋಡಿದರೂ ಇದೇ ಮಾತು. ಕಬ್ಬನ್ ಪಾರ್ಕ್ ಬೋರಾಯ್ತು, ನಂದಿ ಬೆಟ್ಟದ ರಸ್ತೆ ತುಂಬ ಕಾರು, ಈ ಸಲ ಗೋಕರ್ಣ ಮಾಡೋಣ ಗುರೂ. ಶುಕ್ರವಾರ ರಾತ್ರಿ ಬಸ್ಸು. ಶನಿವಾರ ಬೆಳಿಗ್ಗೆ ಕುಡ್ಲೆಯಿಂದ ಓಂ ಬೀಚು, ಅಲ್ಲಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್. ಎಡಕ್ಕೆ ಕಾಡು, ಬಲಕ್ಕೆ ಕಡಲು, ಕೈಯಲ್ಲಿ ಜಿಪಿಎಸ್ ವಾಚು. ಸೋಮವಾರದ ಹೊತ್ತಿಗೆ ರೀಲು ರೆಡಿ: 'ಯಾರಿಗೂ ಗೊತ್ತಿಲ್ಲದ ದಾರಿ'.

ಯಾರಿಗೂ ಗೊತ್ತಿಲ್ಲದೆ ಅದು ದಾರಿ ಹೇಗಾಯ್ತು? ಜನ ನಡೆದೂ ನಡೆದೂ ತಾನೇ ಹುಲ್ಲು ಸವೆದು, ಕಲ್ಲು ನುಣುಪಾಗಿ ದಾರಿ ಆಗೋದು?

ಓಟದ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಓಡ್ತೀನಿ. ದಿನಕ್ಕೆ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡ ಬೆನ್ನಿಗೆ ಓಟದಷ್ಟು ಒಳ್ಳೇ ಔಷಧಿ ಇಲ್ಲ. ನನ್ನ ತಕರಾರು 'ಸೀನರಿ' ಅನ್ನೋ ಆ ದೃಷ್ಟಿಯ ಮೇಲೆ. ಸೀನರಿ ಅಂದುಕೊಂಡವನಿಗೆ ಒಂದು ಸೀನರಿ ಹೋದರೆ ಇನ್ನೊಂದು ಸಿಗುತ್ತೆ. ಗೋಕರ್ಣ ಇಲ್ಲದಿದ್ದರೆ ಗೋವಾ, ಗೋವಾ ಇಲ್ಲದಿದ್ದರೆ ವರ್ಕಲಾ. ಆ ದಾರಿಯಲ್ಲಿ ದಿನಾ ನಡೆಯೋರಿಗೆ ಮಾತ್ರ ಎರಡನೇ ದಾರಿ ಇಲ್ಲ. ಅದಕ್ಕೇ ಹೇಳೋದು: ಒಂದು ದಾರಿಯಲ್ಲಿ ಓಡಿದ ಮೇಲೆ, ಆ ದಾರಿ ಉಳಿಯೋದರ ಹೊಣೆ ನಿಮಗೂ ಇದೆ.

'ಬಯಲುಸೀಮೆಯವನು ನಿನಗ್ಯಾಕೆ ಕಡಲಿನ ಉಸಾಬರಿ?' ಅಂತ ಕೇಳಬಹುದು. ನಾನು ಮಂಚೇನಹಳ್ಳಿ ಕಡೆಯವನು. ಗೌರಿಬಿದನೂರಿನ ಒಂದು ಹೋಬಳಿಯಾಗಿದ್ದ ನಮ್ಮೂರು ಈಗ ತಾನೇ ಒಂದು ತಾಲ್ಲೂಕು. ನಮ್ಮಲ್ಲಿ ಕಡಲಿಲ್ಲ, ನದಿಯೂ ಹೆಸರಿಗಷ್ಟೇ. ಆದರೆ ದಾರಿ ಜಗಳ ಬೇಕಾದಷ್ಟಿದೆ. ಹಿಪ್ಪುನೇರಳೆ ತೋಟಕ್ಕೆ ಹೋಗೋ ಕಾಲುದಾರಿಗೆ ಯಾರೋ ಬೇಲಿ ಹಾಕ್ತಾರೆ. ಜಮೀನು ಲೇಔಟ್ ಆಗುತ್ತೆ, ಕೆರೆ ಏರಿಗೆ ಹೋಗೋ ಬಂಡಿ ದಾರಿ ಕಾಂಪೌಂಡ್ ಒಳಗೆ ಸೇರುತ್ತೆ. ಊರಿನವರು ಅರ್ಜಿ ಹಿಡಿದು ಹೋದರೆ ಮೊದಲು ಬರೋ ಪ್ರಶ್ನೆ ಒಂದೇ: 'ನಕಾಶೆಯಲ್ಲಿ ದಾರಿ ಇದೆಯೇನ್ರೀ?'

ಗ್ರಾಮ ನಕಾಶೆಯಲ್ಲಿ ಆ ದಾರಿಗೆ ಚುಕ್ಕಿ ಗೆರೆ ಇದ್ದರೆ ಇವತ್ತಲ್ಲ ನಾಳೆ ಬೇಲಿ ತೆಗೆಸಬಹುದು. ಗೆರೆ ಇಲ್ಲದಿದ್ದರೆ, ನಿಮ್ಮ ತಾತನ ಕಾಲದಿಂದ ಎತ್ತು ಹೊಡೆದಿದ್ದರೂ ಅದು ಬರೀ ಮಾತು. 1882ರ ಈಸ್‌ಮೆಂಟ್ ಕಾಯ್ದೆ ಏನೋ ಇದೆ. ಖಾಸಗಿ ಜಮೀನಿನಲ್ಲಿ 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕಿನಿಂದ ಓಡಾಡಿದ್ದರೆ ದಾರಿ ಹಕ್ಕು ಹುಟ್ಟುತ್ತೆ. ಆದರೆ ಓಡಾಡಿದ್ದಕ್ಕೆ ಸಾಕ್ಷಿ ಬೇಕಲ್ಲ! ಬೆಂಗಳೂರಲ್ಲಿ ಸೈಟ್ ಕೊಳ್ಳುವಾಗ ಪಹಣಿ, 'ಬಿ' ಖರಾಬು ಅಂತೆಲ್ಲ ನಾಲ್ಕು ಪದ ಕಲಿತಿದ್ದೀರಲ್ಲ, ಆ ಲೋಕವೇ ಇದು. ಕಾಗದದಲ್ಲಿ ಇಲ್ಲದ್ದು ನೆಲದ ಮೇಲೂ ಬಹಳ ದಿನ ಉಳಿಯಲ್ಲ. ಇದನ್ನ ತಿಳ್ಕೊಳ್ಳೋಕೆ ಕಡಲತೀರದಲ್ಲೇ ಹುಟ್ಟಬೇಕಾಗಿಲ್ಲ.

ಈಗ ಆ 'ಯಾರಿಗೂ ಗೊತ್ತಿಲ್ಲದ' ದಾರಿಗೆ ಬರೋಣ. ಪ್ಯಾರಡೈಸ್ ಅಂತ ನೀವು ಕರೆಯೋ ತೀರದ ಪಕ್ಕದ ಊರು ಬೇಲೆಕಾನ. ಅಲ್ಲಿಂದ ತದಡಿ. ತದಡಿಯಲ್ಲಿ ದೋಣಿ ಹತ್ತಿ ಅಳಿವೆ ದಾಟಿದರೆ ಅಘನಾಶಿನಿ, ಮುಂದೆ ಕಾಗಾಲ, ಬಾಡ, ಕುಮಟಾ. ಕಾಗಾಲದ ತೀರ ನಿಮ್ಮ ಮ್ಯಾಪಿನಲ್ಲಿ 'ನಿರ್ವಾಣ ಬೀಚ್'. ಊರಿನ ಹೆಸರು ಅಳಿಸಿ ಸ್ವರ್ಗ, ಮೋಕ್ಷ ಅಂತ ಹೆಸರಿಟ್ಟರೆ ಅಲ್ಲಿ ಜನರೇ ಇಲ್ಲವೇನೋ ಅನಿಸುತ್ತೆ. ಇದ್ದಾರೆ. ಮೀನುಗಾರರು ಇದ್ದಾರೆ. ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಬರೋ ಹಾಲಕ್ಕಿ ಹೆಂಗಸರು ಇದ್ದಾರೆ. ಇಳಿತದ ಹೊತ್ತು ನೋಡಿಕೊಂಡು ಅಳಿವೆಗೆ ಇಳಿದು ಬಳಚು ಆರಿಸೋರು, ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೆಯೋರು ಇದ್ದಾರೆ.

ಕಾಡಿನ ಕಥೆಯೂ ಇದೇ. ಫೋಟೋ ಕೆಳಗೆ 'ಪೈನ್ ಫಾರೆಸ್ಟ್' ಅಂತ ಬರೀತೀರಲ್ಲ, ಆ ಮರಳಿನ ಮೇಲಿನ ಮರಗಳು ಪೈನ್ ಅಲ್ಲ, ಗಾಳಿ ಮರ. ನಮ್ಮ ಕಡೆ ಸರ್ವೆ ಮರ ಅಂತೀವಿ, ಕಡಿದು ಬೆಂಗಳೂರಿನ ಸೆಂಟ್ರಿಂಗ್ ಕೆಲಸಕ್ಕೆ ಕಳಿಸ್ತೀವಿ. ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ ಅದು. ಮರಳು ಹಿಡಿದು ನಿಲ್ಲಿಸಲಿ, ಕಡಲ ಗಾಳಿ ತಡೆಯಲಿ ಅಂತ ಮನುಷ್ಯರು ನೆಟ್ಟದ್ದು. ಒಳಗಿನ ಕಾಡಿಗೂ ದುಡಿದ ಕೈಗಳಿವೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಬೆಳೆಸಿದರು. 2021ರಲ್ಲಿ ಅವರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡ ಫೋಟೋ ನೀವೇ ಶೇರ್ ಮಾಡಿದ್ರಿ. 2024ರ ಡಿಸೆಂಬರಿನಲ್ಲಿ ಆ ಅಜ್ಜಿ ತೀರಿಕೊಂಡಾಗಲೂ ಶೇರ್ ಮಾಡಿದ್ರಿ. ಅದೇ ಜಿಲ್ಲೆಯ ಕಾಡಿನ ಅಂಚಲ್ಲಿ ಓಡಿ ಬಂದು 'ವರ್ಜಿನ್ ಫಾರೆಸ್ಟ್' ಅಂತ ಬರೆಯೋಕೆ ಮನಸ್ಸು ಹೇಗೆ ಬರುತ್ತೆ?

ಈ ದಾರಿಗಳು ಇನ್ನೂ ಉಳಿದಿರೋದು ಅದೃಷ್ಟದಿಂದ ಅಲ್ಲ. ತದಡಿಯಲ್ಲಿ ಒಮ್ಮೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಅಂದರು, ಆಮೇಲೆ ದೊಡ್ಡ ಬಂದರು ಅಂದರು. ಅಘನಾಶಿನಿಯ ಜನ ಬೇಡ ಅಂತ ನಿಂತರು. ಅದೇ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಶನಿವಾರ ಬೆಳಿಗ್ಗೆ ನೀವು ಓಡಿದ ದಾರಿಗೋಸ್ಕರ ಇನ್ಯಾರೋ ಕೂಲಿ ಬಿಟ್ಟು, ದೋಣಿ ನಿಲ್ಲಿಸಿ ಸಭೆಗಳಿಗೆ ಹೋಗಿದ್ದಾರೆ. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು; ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡ್ತಿದ್ದಾರೆ. 2025ರಲ್ಲಿ ಅಂಕೋಲಾದ ಕೇಣಿಯಲ್ಲೂ ಬಂದರು ಬೇಡ ಅಂತ ಜನ ಬೀದಿಗಿಳಿದರು. ರನ್ನಿಂಗ್ ಗ್ರೂಪುಗಳಲ್ಲಿ ಅವತ್ತು ಏನು ಚರ್ಚೆ ಆಗ್ತಿತ್ತು? ಕಾರ್ಬನ್ ಪ್ಲೇಟ್ ಶೂ ಮರಳಿಗೆ ಸರಿಹೋಗುತ್ತಾ ಅಂತ.

ಬಂದರು ಬೇಡ, ನೌಕಾನೆಲೆ ಬೇಡ ಅಂತ ಕಣ್ಣು ಮುಚ್ಚಿ ಹೇಳೋನು ನಾನಲ್ಲ. ದೇಶಕ್ಕೆ ಎರಡೂ ಬೇಕು. ಆದರೆ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾ ಕರಾವಳಿಯ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ ಅಂತ ಕೇಳೋಕಾದರೂ ಒಂದು ಕಾಗದ ಇತ್ತು. ಆ ಊರುಗಳ ಮೂಲಕ ಬರೀ ನಡೆದು ಹೋಗ್ತಿದ್ದವರಿಗೆ? ದಾರಿ ಕಳೆದುಕೊಂಡಿದ್ದಕ್ಕೆ ಪರಿಹಾರದ ಫಾರಂ ಎಲ್ಲೂ ಇಲ್ಲ. ಜಮೀನಿಗೆ ಮಾಲೀಕ ಇರ್ತಾನೆ, ದಾರಿಗೆ ಬಳಕೆದಾರರು ಮಾತ್ರ. ಬಳಕೆದಾರರು ಅಂದ್ರೆ ಏನು ಅಂತ ಸಾಫ್ಟ್‌ವೇರಿನವರಿಗೆ ನಾನು ಬಿಡಿಸಿ ಹೇಳಬೇಕಾ?

ಕಾನೂನಿನ ಗೆರೆಯೂ ಕಡಲಿನತ್ತ ಸರೀತಾ ಇದೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಗ್ರಾಮೀಣ ಕರಾವಳಿಗೆ ಉಬ್ಬರದ ಗೆರೆಯಿಂದ 200 ಮೀಟರ್ ಕಟ್ಟಡ ನಿಷಿದ್ಧ. 2019ರಲ್ಲಿ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರೋ ಕಡೆ ಅದನ್ನ 50 ಮೀಟರಿಗೆ ಇಳಿಸಿದರು. ನೀವು ವಾರ್ಮ್‌ಅಪ್‌ಗೆ ಓಡೋ ದೂರ, 150 ಮೀಟರ್. ಅಷ್ಟರಲ್ಲಿ ಒಂದು ರೆಸಾರ್ಟ್, ಒಂದು ಈಜುಕೊಳ, ಒಂದು ಗೇಟು ಆರಾಮಾಗಿ ಹಿಡಿಯುತ್ತೆ.

ಕೆಲವರು ಇದಕ್ಕೆ ಪರಿಹಾರ ಅಂತ ಹೇಳೋದು ಇನ್ನೂ ಭಯಂಕರ: ಸರ್ಕಾರ ಕಡಲಗುಂಟ ನೀಟಾಗಿ ಸಿಮೆಂಟ್ ಟ್ರ್ಯಾಕ್ ಮಾಡಿಬಿಡಲಿ, ಲೈಟ್ ಹಾಕಲಿ. ಗುಡ್ಡ ಕೊರೆದು ಅಗಲ ಮಾಡಿದ ಹೆದ್ದಾರಿಯ ಮೇಲೆ ಶಿರೂರಿನಲ್ಲಿ 2024ರ ಜುಲೈ 16ರಂದು ಏನಾಯ್ತು ಅಂತ ಇಷ್ಟು ಬೇಗ ಮರೆತಿರಾ? ಚಳಿಗಾಲದಲ್ಲಿ ಇದೇ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರ್ತವೆ. ದೀಪ ಕಂಡರೆ ಮರಿಗಳು ಕಡಲು ಬಿಟ್ಟು ದೀಪದ ಕಡೆ ಹೋಗಿ ಸಾಯ್ತವೆ. ಕಾಲುದಾರಿಗೆ ಬೇಕಾಗಿರೋದು ಸಿಮೆಂಟಲ್ಲ, ದಾಖಲೆ.

ಹೊರದೇಶದ ಉದಾಹರಣೆ ಇಲ್ಲದಿದ್ದರೆ ನಮ್ಮವರಿಗೆ ನಂಬಿಕೆ ಬರಲ್ಲ. ತಗೊಳ್ಳಿ: ವೇಲ್ಸ್ ದೇಶ 2012ರಲ್ಲಿ ತನ್ನ ಇಡೀ ಕರಾವಳಿಗೆ, ಸುಮಾರು 1,400 ಕಿಲೋಮೀಟರ್, ಒಂದು ಕಾಲುದಾರಿ ತೆರೆಯಿತು. ಇಂಗ್ಲೆಂಡಿನಲ್ಲಿ ಕರಾವಳಿಯಲ್ಲಿ ನಡೆಯೋ ಹಕ್ಕಿಗೆ 2009ರಲ್ಲೇ ಕಾಯ್ದೆ ಆಯ್ತು. ಆನ್‌ಸೈಟ್ ಹೋದವರು ಅಲ್ಲಿ ಓಡಿ ಬಂದು 'ವಾವ್' ಅಂತಾರೆ. ಆ ವಾವ್ ಹಿಂದೆ ಇರೋದು ಗೆರೆ ಗೆರೆಯಾಗಿ ಗುರುತಿಸಿದ ನಕ್ಷೆ.

ಆ ನಕ್ಷೆಗೆ ಬೇಕಾದ ಸಾಮಾನು ನಿಮ್ಮ ಕೈಗೇ ಕಟ್ಟಿಕೊಂಡಿದ್ದೀರಿ. 2018ರ ಜನವರಿಯಲ್ಲಿ ಸ್ಟ್ರಾವಾದ ಹೀಟ್‌ಮ್ಯಾಪ್ ನೋಡಿ ಜಗತ್ತೇ ಬೆಚ್ಚಿತು: ಸೈನಿಕರು ಜಾಗಿಂಗ್ ಮಾಡಿದ ಗೆರೆಗಳಿಂದಲೇ ಗುಟ್ಟಿನ ಸೇನಾನೆಲೆಗಳು ಬಯಲಾದವು. ಓಡಿದವರ ಹೆಜ್ಜೆಗೆ ಅಷ್ಟು ಶಕ್ತಿ ಇದೆ. ಅದನ್ನ ಊರಿನ ಪರವಾಗಿ ಬಳಸೋಕೇನು ಕಷ್ಟ? ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಖಾತೆ ತೆರೆಯಿರಿ. ಓಡಿದ ದಾರಿಯನ್ನ ಕಾಲುದಾರಿ ಅಂತ ಗುರುತಿಸಿ, ತಾರೀಕು ಸಮೇತ. ಯೋಜನೆಯ ವರದಿಯಲ್ಲಿ 'ಖಾಲಿ ಜಾಗ' ಅಂತ ಬರೆದಾಗ, ಇಲ್ಲಿ ಹತ್ತು ವರ್ಷದಿಂದ ಜನ ಓಡಾಡಿದ್ದಾರೆ ಅನ್ನೋಕೆ ಅದೂ ಒಂದು ಪುರಾವೆ. (ನೌಕಾನೆಲೆಯ ಹತ್ತಿರ ಮಾತ್ರ ವಾಚು ಆಫ್ ಮಾಡಿ ಮಾರಾಯ್ರೆ.)

'ಮ್ಯಾಪಿಗೆ ಹಾಕಿದರೆ ಜನ ನುಗ್ಗಲ್ವಾ?' ಒಳ್ಳೇ ಪ್ರಶ್ನೆ. ಆದರೆ ಡ್ರೋನ್ ಹಾರಿಸಿ ರೀಲು ಮಾಡಿದವರ ಬಾಯಲ್ಲಿ ಈ ಪ್ರಶ್ನೆ ಚೆನ್ನಾಗಿರಲ್ಲ. ಜನ ನುಗ್ಗೋದು ಹಾಡು ಹಾಕಿದ ರೀಲಿಗೆ, ಮ್ಯಾಪಿನ ಚುಕ್ಕಿ ಗೆರೆಗಲ್ಲ. ಆದರೂ ಊರಿನವರನ್ನ ಕೇಳಿ. ದೇವರ ಕಾಡು, ಆಮೆ ಮೊಟ್ಟೆ ಇಡೋ ಜಾಗ, ಹಾಕಬೇಡಿ ಅಂದದ್ದನ್ನ ಹಾಕಬೇಡಿ.

'ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಓಡ್ತೀವಿ, ರಾಜಕೀಯ ಯಾಕೆ ತರ್ತೀಯ?' ಅನ್ನೋರಿಗೂ ಒಂದು ಮಾತು. ನಿಮ್ಮ ನೆಮ್ಮದಿ ನಿಂತಿರೋದೇ ಬೇರೆಯವರ ಜಗಳದ ಮೇಲೆ. ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ, 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ತಿಳಿಸಬೇಕು. ಆಕ್ಷೇಪಣೆಯನ್ನ ಬರೆದು ಕಳಿಸಬಹುದು, ಬಸ್ಸು ಹತ್ತಿ ಹೋಗಲೇಬೇಕು ಅಂತಿಲ್ಲ. ಅಪ್ರೈಸಲ್‌ಗೆ ಆರು ಪುಟ ಬರೆಯೋರಿಗೆ ಒಂದು ಪುಟ ಆಕ್ಷೇಪಣೆ ಭಾರ ಆಗಬಾರದು.

ಅದೂ ಆಗಲ್ಲ ಅಂದರೆ ಕೊನೇಪಕ್ಷ ಇಷ್ಟು ಮಾಡಿ. ತದಡಿಯಲ್ಲಿ ಅಳಿವೆ ದಾಟುವಾಗ ದೋಣಿಯಲ್ಲಿ ಪಕ್ಕದಲ್ಲಿ ಕೂತವರನ್ನ ಕೇಳಿ: 'ಅಕ್ಕಾ, ಈ ದಾರಿಗೆ ಊರಲ್ಲಿ ಏನಂತ ಕರೀತೀರಿ?' ಅವರು ಹೇಳಿದ ಹೆಸರನ್ನೇ ನಿಮ್ಮ ರನ್ನಿಗೆ ಇಡಿ. ಪ್ಯಾರಡೈಸ್ ಹೋದರೆ ನಿಮ್ಮ ಪಟ್ಟಿಯಿಂದ ಒಂದು ಸಾಲು ಹೋಗುತ್ತೆ, ಅಷ್ಟೇ. ಅದೇ ದಾರಿ ಮುಚ್ಚಿದರೆ ಆ ಅಕ್ಕ ಪೇಟೆಗೆ ಹೇಗೆ ಹೋಗ್ತಾರೆ ಅಂತ ಅವರನ್ನೇ ಕೇಳಿ ನೋಡಿ.