ಶಾಂತವ್ವನೂ ಶಿಜುಕಾಳೂ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತು, ಅದನ್ನು ಕಟ್ಟಿಸಿದಳೆನ್ನುವ ಶಾಂತವ್ವನ ಕಥೆಯನ್ನು ಮಗಳಿಗೆ ಹೇಳುತ್ತಿದ್ದೆ. “ಶಾಂತ ಎಂದರೇನಪ್ಪಾ?” ಎಂದಳು. ಹೇಳಿದೆ. “ಹಾಗಾದರೆ ಡೋರೆಮಾನ್ ಚಿತ್ರದ ಶಿಜುಕಾಳ ಹೆಸರಿಗೂ ಅರ್ಥವುಂಟೆ?” ಎಂದು ಮರುಪ್ರಶ್ನೆ ಬಂದಿತು.

ಉಂಟು, ಅಚ್ಚರಿಯೆಂದರೆ ಅದೇ ಅರ್ಥ! ಜಪಾನೀ ಭಾಷೆಯಲ್ಲಿ ಶಿಜುಕಾ ಎಂದರೆ ನೀರವ, ಪ್ರಶಾಂತ. ಆ ಅರ್ಥದ ಲಿಪಿಚಿಹ್ನೆಯನ್ನು ಬಿಡಿಸಿ ನೋಡಿದರೆ ಎಡಕ್ಕೆ ನೀಲಿ-ಹಸಿರು ಬಣ್ಣದ ಗುರುತು, ಬಲಕ್ಕೆ ಕಲಹದ ಗುರುತು. ನಮ್ಮ ‘ಶಾಂತ’ವಾದರೂ ‘ಶಮ್’ ಧಾತುವಿನ ಭೂತಕೃದಂತವಲ್ಲವೆ? ತಣಿದದ್ದು, ಅಡಗಿದ್ದು ಎಂದರ್ಥ. ಮೊದಲು ಕುದಿದದ್ದು ತಾನೆ ಆಮೇಲೆ ತಣಿಯಬೇಕು!

ಈ ಹೆಸರನ್ನು ಜಪಾನಿನಲ್ಲಿ ಚಿರಸ್ಥಾಯಿಗೊಳಿಸಿದವಳು 12ನೆಯ ಶತಮಾನದ ಶಿಜುಕಾ ಗೊಜೆನ್. ಪುರುಷವೇಷ ತೊಟ್ಟು ಕುಣಿಯುತ್ತಿದ್ದ ‘ಶಿರಾಬ್ಯೋಶಿ’ ಎಂಬ ನರ್ತಕಿಯರ ಪಂಗಡದವಳು. ವೀರ ಯೋಶಿತ್ಸುನೆಯ ಪ್ರೇಯಸಿ. ಅಣ್ಣ ಯೋರಿತೊಮೊ ಅವನಿಗೆ ಹಗೆಯಾದಾಗ ಇವಳು ಸೆರೆಸಿಕ್ಕಳು. 1186ರಲ್ಲಿ ಕಾಮಾಕುರದ ಹಾಚಿಮನ್ ದೇಗುಲದಲ್ಲಿ, ಗೆದ್ದವನೆದುರು ಕುಣಿಯಬೇಕೆಂಬ ಆಜ್ಞೆಯಾಯಿತು. ಬಸುರಿ ಕುಣಿದಳು. ಆದರೆ ಹಾಡಿದ್ದು ಅಗಲಿದ ನಲ್ಲನ ನೆನಪನ್ನು. ಕೆರಳಿದ ಯೋರಿತೊಮೊನನ್ನು ಅವನ ಮಡದಿ ಮಸಾಕೊ ಸಮಾಧಾನಪಡಿಸಿದಳು. ಆದರೂ ಹುಟ್ಟಿದ ಗಂಡುಕೂಸು ಉಳಿಯಲಿಲ್ಲ. ಪ್ರಶಾಂತೆಯೆಂಬ ಹೆಸರಿನವಳ ಬಾಳು ಇಂಥದು.

ನಮ್ಮ ಶಾಂತವ್ವನದು ಇತಿಹಾಸವಲ್ಲ, ಐತಿಹ್ಯ. ಸ್ವರ್ಗಾವತಿಯ ದೊರೆ ವಿಕ್ರಮರಾಯನ ಮಗಳು. ತಂದೆ ಸಿಟ್ಟಿನಲ್ಲಿ ಅವಳನ್ನು ‘ಸೂಳೆ’ ಎಂದು ಜರೆದನಂತೆ. ಆ ಕಳಂಕವನ್ನು ತೊಳೆಯಲು ಅವಳು ಕೆರೆ ಕಟ್ಟಿಸಲು ಹೊರಟಳು. ನೆಲ ಸೂಳೆಯರದಾಗಿತ್ತು. ಅವರು ಕೇಳಿದ್ದು ಹೊನ್ನನ್ನಲ್ಲ. ಕೆರೆಗೆ ತಮ್ಮ ಹೆಸರಿರಬೇಕೆಂದು ಮಾತ್ರ. ಶಾಂತವ್ವ ಒಪ್ಪಿದಳು. ಯಾವ ಮಾತು ಅವಳನ್ನು ಸುಟ್ಟಿತೋ ಅದೇ ಮಾತು ನೀರಿನ ಹೆಸರಾಗಿ ತಣಿಯಿತು.

ಇಂದು ಸಭ್ಯರು ‘ಶಾಂತಿಸಾಗರ’ ಎನ್ನುತ್ತಾರೆ. ಹೆಸರೇನೋ ಸೊಗಸಾಗಿದೆ, ಶಾಂತವ್ವನ ನೆನಪೂ ಅದರಲ್ಲಿದೆ. ಆದರೆ ಹಳೆಯದನ್ನು ಅಳಿಸಿದರೆ ನೆಲ ಕೊಟ್ಟವರಿಗೆ ಕೊಟ್ಟ ಮಾತು ಏನಾಯಿತು? ‘ಸೂಳೆ’ ಎಂಬುದು ಎಂದೆಂದಿಗೂ ಬೈಗುಳವಾಗಿರಲಿಲ್ಲ. ಮಹಾಕೂಟದ 8ನೆಯ ಶತಮಾನದ ಶಾಸನದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಗೆ ಇದೇ ಪದ ಸಲ್ಲುತ್ತದೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆಗಳನ್ನಿತ್ತ ದಾನಿ ಆಕೆ. ಪದ ಕೆಡಲಿಲ್ಲ; ನಮ್ಮ ನೋಟ ಕೆಟ್ಟಿತು.

ಹರಿದ್ರಾ ಹೊಳೆಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವೆ ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 6,500 ಎಕರೆ. ಇದರ ನೀರು ಗದ್ದೆ ತೋಟಗಳಿಗೆ ಹರಿಯುತ್ತದೆ. ಚಿತ್ರದುರ್ಗದವರ ಬಾಯಾರಿಕೆಯನ್ನೂ ನೀಗಿದೆ. ಕುಡಿಯುವಾಗ ಯಾರೂ ನೀರಿನ ಕುಲ ಕೇಳುವುದಿಲ್ಲ.

“ಹಾಗಾದರೆ ನಾನು ಸೂಳೆಕೆರೆ ಎಂದೇ ಹೇಳಲೇ?” ಎಂದಳು ಮಗಳು. “ಹೇಳು ಮಗಳೇ,” ಎಂದೆ, “ತಲೆ ಎತ್ತಿ ಹೇಳು.”