ಸಹಿಗೆ ಮುಂಚೆ ಶಬ್ದದ ಅರ್ಥ

ಗಡಿಯ ಮನುಷ್ಯನಿಗೆ ಎರಡು ಭಾಷೆ ಬರುತ್ತೆ ಅನ್ನೋದು ಹೊಸ ಸುದ್ದಿಯೇನಲ್ಲ. ರಾಯದುರ್ಗದ ಅಂಗಡಿ ಬೀದಿಯಲ್ಲಿ ಚೌಕಾಸಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತೆ. ಮಡಕಶಿರಾದ ರೈತ ರೇಷ್ಮೆಗೂಡು ಹೊತ್ತು ಹಿಂದೂಪುರಕ್ಕೆ ಹೋದರೆ ಒಂದು ಭಾಷೆ, ಅಡಿಕೆ ಹೊತ್ತು ತುಮಕೂರಿನ ಕಡೆ ಹೋದರೆ ಇನ್ನೊಂದು ಭಾಷೆ. ಎರಡರಲ್ಲೂ ಅವನನ್ನು ಯಾರೂ ಮೋಸ ಮಾಡಲಾರರು. ಆದರೆ ಇದೇ ರೈತ ಸಾಲದ ಕಾಗದದ ಮುಂದೆ ಕೂತಾಗ ಮೂರನೆಯ ಭಾಷೆ ಎದುರು ನಿಲ್ಲುತ್ತದೆ. ಹತ್ತು ಪುಟ ಇಂಗ್ಲಿಷು, ಪುಟದ ಕೆಳಗೆ ಪೆನ್ಸಿಲಿನ ಗುರುತು. "ಇಲ್ಲಿ ಹಾಕಿ, ಇಲ್ಲಿ ಹಾಕಿ" ಅಂತಾರೆ. ಹಾಕುತ್ತೇವೆ. ಹೆಬ್ಬೆಟ್ಟಿನ ಕಾಲ ಹೋಯಿತು ಅಂತ ನಾವು ಹೆಮ್ಮೆಪಡುವುದು ಸರಿ. ಆದರೆ ಅರ್ಥ ತಿಳಿಯದೆ ಹಾಕಿದ ಸಹಿಗೂ ಹೆಬ್ಬೆಟ್ಟಿಗೂ ಇರುವ ವ್ಯತ್ಯಾಸ ಮಸಿಯ ಬಣ್ಣ ಮಾತ್ರ.

ನಮ್ಮವರು ಇಂಗ್ಲಿಷ್ ಕಲಿತಿಲ್ಲ ಅಂತಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನ್ನಂಥವರು ಈ ಸೀಮೆಯಲ್ಲಿ ಸಾವಿರಾರು ಮಂದಿ ಇದ್ದೇವೆ. ತೊಂದರೆ ಇರುವುದು ಕಲಿತ ರೀತಿಯಲ್ಲಿ. ಒಂದು ಇಂಗ್ಲಿಷ್ ಮಾತು, ಅದರ ಪಕ್ಕ ಒಂದು ಕನ್ನಡ ಮಾತು, ಇಷ್ಟೇ ಬಾಯಿಪಾಠ. 'ಇಂಟರೆಸ್ಟ್' ಅಂದರೆ ಆಸಕ್ತಿ ಅಂತ ಶಾಲೆಯಲ್ಲಿ ಕಲಿತದ್ದು. ಬ್ಯಾಂಕಿಗೆ ಹೋದರೆ ಅದೇ ಮಾತು ಬಡ್ಡಿ. ಕ್ರಯಪತ್ರದಲ್ಲಿ 'ರೈಟ್, ಟೈಟಲ್ ಅಂಡ್ ಇಂಟರೆಸ್ಟ್' ಅಂತ ಬಂದಾಗ ಅದು ಆಸಕ್ತಿಯೂ ಅಲ್ಲ, ಬಡ್ಡಿಯೂ ಅಲ್ಲ, ಜಮೀನಿನ ಮೇಲಿರುವ ಹಿತ, ಪಾಲು. ಮಗನ ವಿಜ್ಞಾನದ ಪುಸ್ತಕದಲ್ಲಿ 'ಮ್ಯುಟೇಷನ್' ಅಂದರೆ ಜೀವಿಯ ಗುಣ ಮಾರ್ಪಾಡಾಗುವುದು. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾಗುವುದು. ಪದ್ಯ ಕಟ್ಟುವವನಿಗೆ ಒಂದು ಮಾತಿಗೆ ಮೂರು ಅರ್ಥ ಸಿಕ್ಕರೆ ಹಬ್ಬ. ಪತ್ರಕ್ಕೆ ಸಹಿ ಹಾಕುವವನಿಗೆ ಅದೇ ಮಾತು ಕಂಟಕ.

ಎರಡು ಭಾಷೆಯ ನಾವು ಈ ಪಾಠವನ್ನು ಬೇರೆಯವರಿಗಿಂತ ಬೇಗ ಹಿಡಿಯಬೇಕು. 'ಎದ್ದು' ಅಂದರೆ ತೆಲುಗಿನಲ್ಲಿ ಎತ್ತು, ಕನ್ನಡದಲ್ಲಿ ಮೇಲಕ್ಕೆದ್ದು ಅಂತ. 'ಅಪ್ಪು' ಅಂದರೆ ಕನ್ನಡದಲ್ಲಿ ತಬ್ಬಿಕೋ ಅಂತ, ತೆಲುಗಿನಲ್ಲಿ ಸಾಲ. ತೆಲುಗಿನ ಅಪ್ಪು ಒಮ್ಮೆ ಕನ್ನಡದಲ್ಲಿ ಅಪ್ಪಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ ಅಂತ ನಮ್ಮಲ್ಲಿ ತಮಾಷೆ ಮಾಡಬಹುದು. ಮಾತಿನ ಅರ್ಥ ಅದು ನಿಂತ ಜಾಗದಿಂದ ಹುಟ್ಟುತ್ತದೆ ಅನ್ನೋದು ನಮಗೆ ತೊಟ್ಟಿಲಲ್ಲೇ ಗೊತ್ತು. ಇಂಗ್ಲಿಷಿನ ಹತ್ತಿರ ಬಂದಾಗ ಮಾತ್ರ ಅದನ್ನು ಮರೆಯುತ್ತೇವೆ.

ಒಂದು ಕಾಲದಲ್ಲಿ ಇದೇ ಕಷ್ಟ ಇಂಗ್ಲಿಷರಿಗೆ ಇತ್ತು. 1800ರಲ್ಲಿ ದತ್ತಮಂಡಲಗಳು ಕಂಪನಿಯ ಕೈಗೆ ಹೋದಾಗ ಮನ್ರೋ ಸಾಹೇಬ ಕಲೆಕ್ಟರಾಗಿ ಬಂದ. ಪಟ್ಟಾ, ಕೌಲು, ಜಮಾಬಂದಿ ಅನ್ನುವ ನಮ್ಮ ಮಾತು ತಿಳಿಯದೆ ಅವರಿಗೆ ಒಂದು ರೂಪಾಯಿ ಕಂದಾಯವೂ ಎತ್ತಲು ಆಗುತ್ತಿರಲಿಲ್ಲ. ಅವರು ಏನು ಮಾಡಿದರು? ಕೂತು ನಿಘಂಟು ಬರೆದರು. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. 1820ರಲ್ಲಿ ಕಡಪಕ್ಕೆ ನೌಕರಿಗೆ ಬಂದ ಸಿ.ಪಿ. ಬ್ರೌನ್ ತೆಲುಗು ಕಲಿತು 1852ರಲ್ಲಿ ತೆಲುಗು-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ. ಕಚೇರಿ ವ್ಯವಹಾರದ ಮಾತುಗಳಿಗೆಂದೇ ಬೇರೆ ಪುಸ್ತಕ ಮಾಡಿದ. 1855ರಲ್ಲಿ ಎಚ್.ಎಚ್. ವಿಲ್ಸನ್ ಕಂದಾಯ ಮತ್ತು ನ್ಯಾಯದ ಶಬ್ದಗಳ ದೊಡ್ಡ ಕೋಶವನ್ನೇ ತಂದ. ಅದರಲ್ಲಿ ತೆಲುಗು, ಕನ್ನಡ ಮಾತುಗಳು ಆಯಾ ಲಿಪಿಯಲ್ಲೇ ಇವೆ. ಅಧಿಕಾರ ಕೈಯಲ್ಲಿದ್ದವರೇ ನಮ್ಮ ಮಾತಿನ ಅರ್ಥ ಬಿಡಿಸಿಕೊಂಡ ಮೇಲೆ ಕೆಲಸಕ್ಕೆ ಇಳಿದರು. ಈಗ ಕಾಗದ ಅವರ ಭಾಷೆಯಲ್ಲಿದೆ, ಜಮೀನು ನಮ್ಮದಿದೆ. ಅರ್ಥ ಬಿಡಿಸಿಕೊಳ್ಳುವ ಸರದಿ ನಮ್ಮದು.

ಹೇಗೆ ಬಿಡಿಸಿಕೊಳ್ಳಬೇಕು ಅನ್ನೋದಕ್ಕೂ ದಾರಿ ಹಾಕಿದವರಿದ್ದಾರೆ. ಢಾಕಾದಲ್ಲಿ ಬಂಗಾಳಿ ಹುಡುಗರ ಓದಿನ ಮೇಲೆ ಕೆಲಸ ಮಾಡಿದ ಮೈಕೆಲ್ ವೆಸ್ಟ್ 1935ರಲ್ಲಿ ಒಂದು ನಿಘಂಟು ತಂದ. ಅದರಲ್ಲಿ ಸುಮಾರು 24,000 ಮಾತು ಮತ್ತು ನುಡಿಗಟ್ಟುಗಳ ಅರ್ಥವನ್ನು ಬರೀ 1,490 ಸುಲಭ ಮಾತುಗಳಲ್ಲೇ ಹೇಳಿದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಅಲ್ಲಿನ ವಿದ್ಯಾರ್ಥಿಗಳಿಗಾಗಿ ಕಟ್ಟಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ನಮ್ಮ ಕಾಲೇಜು ಹುಡುಗರ ಕೈಯಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಎರಡರ ಗುಟ್ಟೂ ಸರಳ: ಮೊದಲು ಸುಲಭ ಮಾತಿನಲ್ಲಿ ವಿವರಣೆ, ಆಮೇಲೆ ಆ ಮಾತನ್ನು ದುಡಿಸಿ ತೋರಿಸುವ ವಾಕ್ಯ. ಎತ್ತು ಕೊಳ್ಳುವಾಗ ಬಣ್ಣ ನೋಡಿ ಕೊಳ್ಳುತ್ತೇವೆಯೆ? ನೊಗಕ್ಕೆ ಕಟ್ಟಿ ನಾಲ್ಕು ಸಾಲು ಹೊಡೆಸಿ ನೋಡುತ್ತೇವೆ. ಮಾತಿಗೂ ಅದೇ ಪರೀಕ್ಷೆ.

ನಮ್ಮ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಮಾತುಗಳನ್ನು ಈ ರೀತಿ ನೊಗಕ್ಕೆ ಕಟ್ಟಿ ನೋಡೋಣ.

'ಕೋ-ಎಕ್ಸ್‌ಟೆನ್ಸಿವ್.' ವಿವರಣೆ: ಒಂದು ಎಷ್ಟು ಉದ್ದ, ಎಷ್ಟು ಅಗಲವೋ ಇನ್ನೊಂದೂ ಅಷ್ಟೇ ಇರುವುದು. 1872ರ ಕರಾರು ಕಾಯ್ದೆಯ 128ನೇ ಕಲಮು ಜಾಮೀನುದಾರನ ಹೊಣೆಗೆ ಈ ಮಾತನ್ನು ಬಳಸುತ್ತದೆ. ವಾಕ್ಯ: "ಭಾವಮೈದುನನ ಸಾಲ 4 ಲಕ್ಷವಾದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನು ಹಾಕಿದ ನನ್ನ ಹೊಣೆಯೂ ಪೂರ್ತಿ 4 ಲಕ್ಷ." ನಮ್ಮವರ ನಂಬಿಕೆ ಬೇರೆ. ಮೊದಲು ಸಾಲಗಾರನನ್ನು ಹಿಡಿಯುತ್ತಾರೆ, ಅವನಲ್ಲಿ ಏನೂ ಸಿಗದಿದ್ದರೆ ನನ್ನ ಹತ್ತಿರ ಬರುತ್ತಾರೆ ಅಂತ ತಿಳಿದಿದ್ದೇವೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಸಾಲಗಾರನ ಟ್ರ್ಯಾಕ್ಟರ್ ಹೊಲದಲ್ಲಿ ಓಡುತ್ತಿರುವಾಗಲೇ ಜಾಮೀನುದಾರನ ಮನೆಗೆ ನೋಟೀಸು ಬರಬಹುದು. ತೆಲುಗಿನಲ್ಲಿ ಪೂಚಿ, ಕನ್ನಡದಲ್ಲಿ ಹೊಣೆ ಅಂತ ನಾವು ಅನ್ನುವಾಗ ಅದರಲ್ಲಿ ನೆಂಟಸ್ತಿಕೆಯ ಮುಲಾಜು ಇದೆ. ಇಂಗ್ಲಿಷ್ ಮಾತಿನಲ್ಲಿ ಅಳತೆ ಮಾತ್ರ ಇದೆ.

'ಸೆವೆರಲಿ.' ಶಾಲೆಯಲ್ಲಿ 'ಸೆವೆರಲ್' ಅಂದರೆ ಹಲವು ಅಂತ ಓದಿದವರು ಇಲ್ಲಿ ಬೀಳುತ್ತಾರೆ. ಕರಾರಿನಲ್ಲಿ 'ಜಾಯಿಂಟ್ಲಿ ಅಂಡ್ ಸೆವೆರಲಿ' ಅಂದರೆ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ ಅಂತ. ವಾಕ್ಯ: "ಐದು ಜನ ಸೇರಿ ತೆಗೆದ ಸಾಲವನ್ನು ಐದರಲ್ಲಿ ಒಂದು ಪಾಲಲ್ಲ, ಪೂರ್ತಿಯಾಗಿ ನನ್ನೊಬ್ಬನಿಂದಲೇ ವಸೂಲಿ ಮಾಡಬಹುದು." ಗುಂಪು ಸಾಲ ತೆಗೆಯುವ ಅಕ್ಕತಂಗಿಯರು ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಬೇಕು.

'ಮೊರಟೋರಿಯಂ' ಮತ್ತು 'ವೇವರ್.' ಮೊದಲನೆಯದು ತಡೆದು ನಿಲ್ಲಿಸುವುದು, ಎರಡನೆಯದು ಬಿಟ್ಟುಬಿಡುವುದು. 2020ರ ಮಾರ್ಚಿಯಲ್ಲಿ ಕೊರೋನಾ ಕಾಲದಲ್ಲಿ ರಿಸರ್ವ್ ಬ್ಯಾಂಕು ಕಂತಿಗೆ ಮೂರು ತಿಂಗಳ ಮೊರಟೋರಿಯಂಗೆ ಅವಕಾಶ ಕೊಟ್ಟು, ಆಮೇಲೆ ಆಗಸ್ಟ್ 31ರವರೆಗೆ ಬೆಳೆಸಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಅದು ಮನ್ನಾ ಅಂದುಕೊಂಡ ವ್ಯಾಪಾರಿಗಳಿಗೆ ಬಾಕಿ ಬೆಳೆದು ನಿಂತದ್ದು ಆಮೇಲೆ ಕಂಡಿತು. 2008ರಲ್ಲಿ ಕೇಂದ್ರ ಮಾಡಿದ್ದು ವೇವರ್. ವಾಕ್ಯ: "ಮೊರಟೋರಿಯಂ ಆದರೆ ಸಾಲ ಮಲಗಿದೆ, ವೇವರ್ ಆದರೆ ಸಾಲ ಸತ್ತಿದೆ." ಮಲಗಿದ್ದು ಎದ್ದೇಳುತ್ತೆ, ಅದಕ್ಕೆ ತಯಾರಿರಬೇಕು.

'ಪ್ಲೆಡ್ಜ್' ಮತ್ತು 'ಹೈಪಾಥಿಕೇಷನ್.' ಒಡವೆ ಬ್ಯಾಂಕಿನ ಕೈಗೆ ಕೊಟ್ಟು ತೆಗೆದದ್ದು ಪ್ಲೆಡ್ಜ್, ತೆಲುಗಿನ ತಾಕಟ್ಟು. ವಸ್ತು ನಮ್ಮ ಬಳಿಯೇ ಇದ್ದು ಅದರ ಮೇಲೆ ಬ್ಯಾಂಕಿನ ಹಕ್ಕು ಕೂತರೆ ಹೈಪಾಥಿಕೇಷನ್. ವಾಕ್ಯ: "ಟ್ರ್ಯಾಕ್ಟರ್ ನನ್ನ ಹಟ್ಟಿಯಲ್ಲಿದೆ, ಬ್ಯಾಂಕು ಒಪ್ಪದೆ ಮಾರುವಂತಿಲ್ಲ."

'ಥ್ರೆಷೋಲ್ಡ್ ಯೀಲ್ಡ್.' ಥ್ರೆಷೋಲ್ಡ್ ಅಂದರೆ ಹೊಸ್ತಿಲು. ಹೊಸ್ತಿಲಿಗಿಂತ ಇಳುವರಿ ಕೆಳಗೆ ಬಿದ್ದರೆ ಮಾತ್ರ ವಿಮೆಯ ಹಣ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಇಳುವರಿ ಲೆಕ್ಕ ಹೀಗೆ: ಹೊಸ್ತಿಲು ಎಕರೆಗೆ 400 ಕಿಲೋ, ಆ ವರ್ಷ ಆ ಘಟಕದಲ್ಲಿ ಬಂದದ್ದು 300 ಕಿಲೋ ಅಂತಿಟ್ಟುಕೊಳ್ಳಿ. ಕೊರತೆ 100, ಅಂದರೆ ನಾಲ್ಕರಲ್ಲಿ ಒಂದು. ವಿಮೆಯ ಮೊತ್ತ 20,000 ಆಗಿದ್ದರೆ ಕೈಗೆ 5,000. ಇಲ್ಲಿ ಅಳೆಯುವುದು ಇಡೀ ಘಟಕದ ಸರಾಸರಿಯನ್ನು, ನನ್ನ ಹೊಲವನ್ನಲ್ಲ. ಆಲಿಕಲ್ಲು, ನೀರು ನುಗ್ಗುವುದು ಇಂಥ ಸ್ಥಳೀಯ ಹಾನಿಗೆ ಒಬ್ಬೊಬ್ಬರ ಹೊಲ ನೋಡುತ್ತಾರೆ; ಅದಕ್ಕೂ 72 ಗಂಟೆಯೊಳಗೆ ತಿಳಿಸಬೇಕು. ಹವಾಮಾನ ಆಧಾರದ ವಿಮೆಯಲ್ಲಿ ಮಳೆಯ ಲೆಕ್ಕವೇ ಬೇರೆ. ಮಳೆ ಕೈಕೊಡುವ ನಮ್ಮ ಸೀಮೆಯ ಶೇಂಗಾ ರೈತನಿಗೆ ಇವೆರಡರಲ್ಲಿ ತಾನು ಯಾವುದರಲ್ಲಿದ್ದೇನೆ ಅನ್ನೋದು ಗೊತ್ತಿರಲೇಬೇಕು.

ವ್ಯಾಪಾರಿಗಳಿಗೆ ಒಂದು: 'ಡಿಸ್‌ಆನರ್.' ಮನುಷ್ಯನಿಗಾದರೆ ಅವಮಾನ, ಚೆಕ್ಕಿಗಾದರೆ ಹಣ ಸಿಗದೆ ವಾಪಸಾಗುವುದು. 1881ರ ಕಾಯ್ದೆಯ 138ನೇ ಕಲಮಿನಲ್ಲಿ, ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸು ಕೊಡಬೇಕು, ನೋಟೀಸು ತಲುಪಿದವನಿಗೆ ಹಣ ಕಟ್ಟಲು 15 ದಿನ. ದಿನ ತಪ್ಪಿದರೆ ಈ ಕಲಮಿನ ಬಲ ಕೈಜಾರುತ್ತೆ.

ಬಾಯಿಪಾಠಕ್ಕಿಂತ ಲಾಭದ ಒಂದು ಕೀಲಿ ಇದೆ. 'ಮಾರ್ಟ್‌ಗೇಜರ್, ಮಾರ್ಟ್‌ಗೇಜಿ', 'ಲೆಸರ್, ಲೆಸ್ಸಿ' ಅಂತ ಜೋಡಿ ಬರುತ್ತವೆ. 'ಅರ್' ಅಂತ ಮುಗಿದರೆ ಕೊಡುವವನು, 'ಈ' ಅಂತ ಮುಗಿದರೆ ಪಡೆಯುವವನು. ಜಮೀನು ಅಡವಿಡುವ ರೈತ ಮಾರ್ಟ್‌ಗೇಜರ್, ಬ್ಯಾಂಕು ಮಾರ್ಟ್‌ಗೇಜಿ. ಹೊಲ ಗುತ್ತಿಗೆಗೆ ಕೊಟ್ಟವನು ಲೆಸರ್, ತೆಲುಗಿನ ಕೌಲು ರೈತ ಲೆಸ್ಸಿ. ಇದೊಂದು ಗೊತ್ತಿದ್ದರೆ ಅರ್ಧ ಪತ್ರ ತಾನೇ ಬಾಯಿ ಬಿಡುತ್ತೆ.

ಇಂಗ್ಲಿಷಿನ ವ್ಯಾಮೋಹ ಹೆಚ್ಚಿಸಲು ಈ ಮಾತು ಹೇಳುತ್ತಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಕಡಿದು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ಕನ್ನಡ ಉಳಿಸಿಕೊಳ್ಳುವುದೇ ದಿನದ ಕೆಲಸ. ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಈ ಕಡೆ ಅಡಂಗಲ್, ಆ ಕಡೆ ಪಹಣಿ ಅಂತ ಎರಡು ರಾಜ್ಯದ ಕಾಗದ ಹಿಡಿದು ಓಡಾಡುವ ರೈತನಿಗೆ ಇಂಗ್ಲಿಷ್ ಶಬ್ದ ಒಂದು ಸಲಕರಣೆ. ಕುಡುಗೋಲಿನ ಹಾಗೆ ಅದರ ಹಿಡಿ ನಮ್ಮ ಕೈಯಲ್ಲಿರಬೇಕು, ಬಾಯಿ ನಮ್ಮ ಕಡೆ ತಿರುಗಿರಬಾರದು.

ಕಾಯ್ದೆಯೂ ನಮ್ಮ ಪರ ಸ್ವಲ್ಪ ಮಾತಾಡುತ್ತದೆ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಕ್ಕೂ ಸಣ್ಣ ಉದ್ಯಮದ ಅವಧಿ ಸಾಲಕ್ಕೂ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನುವ ಮುಖ್ಯಾಂಶದ ಹಾಳೆ ಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕನ್ನು ನಮಗೆ ಕೊಟ್ಟಿದೆ. ಕೇಳಿದವರಿಗೆ ಇವು ಸಿಗುತ್ತವೆ. ಸುಮ್ಮನೆ ಕೂತವರಿಗೆ ಪೆನ್ಸಿಲ್ ಗುರುತು ಸಿಗುತ್ತೆ.

ಆದ್ದರಿಂದ ಮೂರು ಕೆಲಸ ಆಗಬೇಕು. ಒಂದು, ಬ್ಯಾಂಕುಗಳೂ ವಿಮಾ ಕಂಪನಿಗಳೂ ಗಡಿ ಮಂಡಲಗಳಲ್ಲಿ ಮುಖ್ಯಾಂಶದ ಹಾಳೆಯನ್ನು ತೆಲುಗು, ಕನ್ನಡ ಎರಡರಲ್ಲೂ ಇಟ್ಟುಕೊಳ್ಳಬೇಕು, ಸಹಿಗೆ ಮುಂಚೆ ಓದಿ ಹೇಳಬೇಕು. ಎರಡು, ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮೇಷ್ಟ್ರು ವಾರಕ್ಕೊಂದು ದಿನ ಪಾಠದ ಪುಸ್ತಕ ಬದಿಗಿಟ್ಟು ಒಂದು ಪಾಸ್‌ಬುಕ್ಕು, ಒಂದು ವಿಮೆ ರಸೀದಿ, ಒಂದು ಕ್ರಯಪತ್ರದ ನಕಲು ತಂದು ಓದಿಸಬೇಕು. 2020ರ ಮೇಲೆ ಆಂಧ್ರದ ಸರ್ಕಾರಿ ಶಾಲೆಗಳಿಗೆ ಒಂದು ಪುಟ ತೆಲುಗು, ಎದುರಿನ ಪುಟ ಇಂಗ್ಲಿಷ್ ಇರುವ ಪುಸ್ತಕ ಬಂದವು. ಎರಡು ಭಾಷೆ ಎದುರುಬದುರು ಕೂತರೆ ಕಲಿಕೆ ಕೆಡುವುದಿಲ್ಲ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಹಾಗಾದರೆ ಕನ್ನಡದ ಮಗುವಿಗೂ ಅದೇ ನ್ಯಾಯ ಸಿಗಲಿ.

ಮೂರನೆಯದು ನಮ್ಮದೇ ಕೆಲಸ. ಮನೆಗೊಂದು ಇನ್ನೂರು ಪುಟದ ನೋಟ್‌ಬುಕ್ಕು. ಇಂಗ್ಲಿಷ್ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಅದರ ಕೆಳಗೆ ತೆಲುಗಿನ ಮಾತು, ಕನ್ನಡದ ಮಾತು, ಎರಡು ಸಾಲಿನ ವಿವರಣೆ. ಕೊನೆಗೆ ಒಂದು ವಾಕ್ಯ. ಅದರಲ್ಲಿ ನಿಮ್ಮ ಹೊಲ, ನಿಮ್ಮ ಅಂಗಡಿ, ನಿಮ್ಮ ಸಾಲವೇ ಇರಬೇಕು. ದಿನಕ್ಕೊಂದು ಮಾತು ಸಾಕು. ಮೂರನೇ ದಿನ, ಎಂಟನೇ ದಿನ, ತಿಂಗಳಿಗೆ ಒಮ್ಮೆ ತಿರುವಿ ಹಾಕಿ. ಒಮ್ಮೆ ಉತ್ತ ಹೊಲ ಬಿತ್ತನೆಗೆ ಬರುವುದಿಲ್ಲ. ವಾಕ್ಯ ಕಟ್ಟಲು ಬಾರದಿದ್ದರೆ ಆ ಮಾತು ಇನ್ನೂ ನಿಮ್ಮದಾಗಿಲ್ಲ ಅಂತ ಅರ್ಥ. ಕಾಲೇಜಿಗೆ ಹೋಗುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಶಬ್ದ ಗೊತ್ತು, ನಿಮಗೆ ವ್ಯವಹಾರ ಗೊತ್ತು.

ವರ್ಷಕ್ಕೆ ಮುನ್ನೂರು ಮಾತು ಸೇರಿದರೆ ನಮ್ಮ ಸೀಮೆಯ ಸಾಲದ ಕಾಗದ, ವಿಮೆ ಕಾಗದ, ಜಮೀನಿನ ಕಾಗದಗಳಲ್ಲಿ ಬೆದರಿಸುವ ಮಾತು ಹೆಚ್ಚು ಉಳಿಯುವುದಿಲ್ಲ. ಅಲ್ಲಿಯವರೆಗೆ ಅರ್ಥವಾಗದ ಪುಟ ಎದುರಿಗೆ ಬಂದರೆ ಪೆನ್ನು ಕೆಳಗಿಟ್ಟು "ಇದನ್ನು ಸ್ವಲ್ಪ ಬಿಡಿಸಿ ಹೇಳಿ ಸ್ವಾಮಿ" ಅಂತ ಕೇಳಿ. ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ. ಕೇಳುವುದಕ್ಕೆ ಯಾವ ಬ್ಯಾಂಕೂ ಬಡ್ಡಿ ಹಾಕುವುದಿಲ್ಲ.